ಗಲ್ಫ್ ಅರಬಿ ಗೊತ್ತಿದ್ದರೆ ಮೊರಾಕ್ಕೊದಲ್ಲಿ ಸಾಕಾ?

ಪ್ರಶ್ನೆ: ನಮ್ಮೂರು ಹೊನ್ನಾವರ. ಸೌದಿಯ ದಮ್ಮಾಮ್‌ನಲ್ಲಿ ಕೆಲಸ ಮಾಡುತ್ತಾ ಅರಬಿ ಮಾತಾಡಲು ಕಲಿತಿದ್ದೇನೆ. ಈಗ ಕಂಪನಿಯವರು ಕಾಸಾಬ್ಲಾಂಕಾಗೆ ಕಳಿಸುತ್ತಿದ್ದಾರೆ. ಅಲ್ಲಿಯ ಅರಬಿ ಬೇರೆಯೇ ಅಂತಾರೆ. ಅಲ್ಲಿ ಇದ್ದವರು ದಯವಿಟ್ಟು ಹೇಳಿ, ಏನು ಕಲಿತು ಹೋಗಲಿ?

ರಬಾತ್‌ನಲ್ಲಿ ಇರುವವರು: ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ. ಈಜಿಪ್ಟಿನ ಸಿನಿಮಾ, ಧಾರಾವಾಹಿ ನೋಡಿ ಆ ಕಡೆಯ ಅರಬಿ ಅವರಿಗೆ ರೂಢಿ. ಅವರ ಮಾತನ್ನು ಹಿಡಿಯುವುದೇ ನಿಮಗೆ ಕಷ್ಟ. ಅಲ್ಲಿಯ ಆಡುಮಾತು ದಾರಿಜಾ. ಅದರಲ್ಲಿ ಹ್ರಸ್ವ ಸ್ವರಗಳನ್ನು ನುಂಗಿಬಿಡುತ್ತಾರೆ. 'ಕತಬ' (ಬರೆದ) ಅನ್ನುವುದು 'ಕ್ತೆಬ್' ಆಗುತ್ತದೆ. 'ನಾನು ಬರೆಯುತ್ತೇನೆ' ಅನ್ನಲು 'ನ'ಕಾರದಿಂದ ಶುರು ಮಾಡುತ್ತಾರೆ. ಗಲ್ಫ್ ಅರಬಿ ಕೇಳಿದವರಿಗೆ ಅದು 'ನಾವು' ಅಂದ ಹಾಗೆ ಕೇಳಿಸುತ್ತದೆ. ಇದನ್ನು ಮೊದಲೇ ತಿಳಿದು ಹೋಗಿ, ಎಷ್ಟೋ ಗೊಂದಲ ತಪ್ಪುತ್ತದೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತುಗಳು: 'ದಾಬಾ' ಅಂದರೆ ಈಗ, 'ಬಜ್ಜಾಫ್' ಅಂದರೆ ಜಾಸ್ತಿ, 'ವಾಖಾ' ಅಂದರೆ ಆಯ್ತು. ಎರಡಕ್ಕೆ 'ಜೂಜ್'.

ಆಫೀಸಿಗೆ ಫ್ರೆಂಚ್ ಬೇಕೇ ಬೇಕು. 1956ರಲ್ಲಿ ಫ್ರೆಂಚರ ಆಳ್ವಿಕೆ ಮುಗಿದರೂ ಬ್ಯಾಂಕು, ಬಿಲ್ಲು, ಈಮೇಲ್ ಎಲ್ಲ ಹೆಚ್ಚಾಗಿ ಫ್ರೆಂಚ್‌ನಲ್ಲೇ ನಡೆಯುತ್ತವೆ.

ಫೆಸ್‌ನಲ್ಲಿ ಇದ್ದವರು: ಸಂತೆಯ ಲೆಕ್ಕ ಕಲಿಯಿರಿ. ಹಳಬರು ಈಗಲೂ ಬೆಲೆಯನ್ನು ರಿಯಾಲ್‌ನಲ್ಲಿ ಹೇಳುತ್ತಾರೆ. ಅಂಥ ನೋಟು ಈಗಿಲ್ಲ, ಬಾಯಿಲೆಕ್ಕ ಅಷ್ಟೇ. 20 ರಿಯಾಲ್‌ಗೆ 1 ದಿರ್ಹಮ್ (ಅಲ್ಲಿಯ ಈಗಿನ ಹಣ). '100 ರಿಯಾಲ್' ಅಂದರೆ 5 ದಿರ್ಹಮ್ ಕೊಡಿ. ಸೌದಿಯಿಂದ ಹೋದವರಿಗೆ ಗಾಬರಿಯಾಗುತ್ತದೆ, ಅಲ್ವಾ!

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಗಲ್ಫ್‌ನಲ್ಲಿ ಕೆಲವರು ದಾರಿಜಾವನ್ನು ಕೆಟ್ಟ ಅರಬಿ ಅಂತಾರೆ. ನೀವು ಹಾಗೆ ಅನ್ನಬೇಡಿ. ಅಮಾಜಿಗರ, ಅಂದರೆ ಅಲ್ಲಿಯ ಮೂಲನಿವಾಸಿ ಬರ್ಬರರ, ನುಡಿಗಳ ಜೊತೆ ಶತಮಾನಗಟ್ಟಲೆ ಬಾಳಿ ಬೆಳೆದ ಮಾತು ಅದು. ಅಲ್ಲಿ ಎಲ್ಲರೂ ಅರಬರೂ ಅಲ್ಲ. ಕಾಸಾಬ್ಲಾಂಕಾದ ಮೂಲೆಯಂಗಡಿಗಳಲ್ಲಿ ದಕ್ಷಿಣದ ಸೂಸ್ ಕಡೆಯ ಅಮಾಜಿಗರೇ ಜಾಸ್ತಿ. ಅವರ ಮನೆಮಾತು ತಶೆಲ್ಹಿತ್. 2011ರ ಸಂವಿಧಾನ ಅಮಾಜಿಗ್ ಭಾಷೆಯನ್ನೂ ಅಧಿಕೃತ ಮಾಡಿದೆ. ಅಂಗಡಿಯವರ ಊರು ಕೇಳಿ, ನಿಮ್ಮೂರನ್ನೂ ಹೇಳಿ. ಮೊರಾಕ್ಕೊದ ತಾಂಜಿಯರ್ ಊರಿನ ಪ್ರವಾಸಿ ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಿಮ್ಮ ಹೊನ್ನಾವರಕ್ಕೆ ಬಂದು, ಅದರ ಬಗ್ಗೆ ಬರೆದಿದ್ದಾನೆ. ಮಾತು ಬೆಳೆಸಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಟ್ಯುನೀಷಿಯಾದ ಟ್ಯೂನಿಸ್‌ನಿಂದ: ಮುಂದೆ ಈ ಕಡೆ ವರ್ಗವಾದರೆ ಇನ್ನೊಂದು ಸುತ್ತು ಕಲಿಯಬೇಕು. ಇಲ್ಲಿ 'ಬಜ್ಜಾಫ್' ಬದಲು 'ಬರ್ಶಾ', 'ದಾಬಾ' ಬದಲು 'ತವ್ವಾ'. ಆದರೆ ಆ 'ನ'ಕಾರ ಇಲ್ಲೂ ಹಾಗೇ ಇದೆ.