ವರ್ಷಕ್ಕೊಂದು ತಪಾಸಣಾ ಶಿಬಿರದಿಂದ ನೌಕರರ ಹೃದಯಕ್ಕೆ ರಕ್ಷಣೆ ಸಿಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಆರುನೂರು ನೌಕರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನದಂದು ಎಲ್ಲರಿಗೂ ಇಸಿಜಿ ಮಾಡಿಸಲು ಆಡಳಿತ ಮಂಡಳಿ ಹಣ ಮಂಜೂರು ಮಾಡಿದೆ. ಇಷ್ಟು ಸಾಕೇ?

ಉತ್ತರ: ನಮಸ್ಕಾರ. ಹಣ ತೆಗೆದಿಟ್ಟಿರುವುದು ಸಂತೋಷದ ಸಂಗತಿ, ಆದರೆ ಇಷ್ಟು ಸಾಲದು. ಇಸಿಜಿ ಸರಿಯಾಗಿ ಬಂದಿದ್ದರೂ ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿರಬಹುದು. ‘ನಾರ್ಮಲ್’ ಎಂಬ ಆ ಕಾಗದವನ್ನು ನಂಬಿ, ಮುಂದೆ ಎದೆ ನೋವು ಬಂದಾಗಲೂ ಗ್ಯಾಸ್ ಎಂದುಕೊಂಡು ಸುಮ್ಮನಿರುವವರಿದ್ದಾರೆ. ಲಕ್ಷಣಗಳಿಲ್ಲದವರಲ್ಲಿ ಮೊದಲು ನೋಡಬೇಕಾದದ್ದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮತ್ತು ಸೊಂಟದ ಸುತ್ತಳತೆ. ತಂಬಾಕಿನ ಬಗ್ಗೆ ಕೇಳುವಾಗ ಎಲೆ ಅಡಿಕೆಯ ಜೊತೆ ಜಗಿಯುವ ಹೊಗೆಸೊಪ್ಪನ್ನು ಮರೆಯಬೇಡಿ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ, ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗಿರುವುದು ಕಂಡುಬಂದಿತ್ತು. ಅದು ಇನ್ನೂ ದುಡಿಯುವ ವಯಸ್ಸು.

ಮುಖ್ಯವಾದ ಪ್ರಶ್ನೆ ಶಿಬಿರದ ಮರುದಿನ ಏನಾಗುತ್ತದೆ ಎಂಬುದು. ಅಮೆರಿಕದ ಒಂದು ದೊಡ್ಡ ಮಳಿಗೆ ಸಂಸ್ಥೆಯ 160 ಕೇಂದ್ರಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರ ಮತ್ತು ವ್ಯಾಯಾಮದ ಪಾಠ ಕೇಳಿದವರು ತಾವು ಹೆಚ್ಚು ವ್ಯಾಯಾಮ ಮಾಡುತ್ತಿದ್ದೇವೆ ಎಂದು ಹೇಳಿದರೇ ಹೊರತು, ಹದಿನೆಂಟು ತಿಂಗಳಾದರೂ ಅವರ ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಮ್ಮದೇ ದೇಶದ ಕೈಗಾರಿಕೆಗಳಲ್ಲಿ ಹಲವು ವರ್ಷ ನಡೆದು 2009ರಲ್ಲಿ ವರದಿಯಾದ ಕಾರ್ಯಕ್ರಮ ನೌಕರರ ಕುಟುಂಬದವರನ್ನೂ ಒಳಗೊಂಡಿತ್ತು. ಅಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಸರಾಸರಿ ಇಳಿಯಿತು. ಬಿಡದೆ ಬೆನ್ನುಹತ್ತುವುದರಲ್ಲೇ ಫಲವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಆ ಹಣದಲ್ಲಿ ಒಬ್ಬ ನರ್ಸ್ ಅನ್ನು ನೇಮಿಸಿಕೊಳ್ಳಿ. ಐದು ನಿಮಿಷ ಕೂರಿಸಿ ಅಳೆದ ರಕ್ತದೊತ್ತಡ ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಿಕಿತ್ಸಾಲಯಕ್ಕೆ ಕಳುಹಿಸಿ, ಅವರು ಮಾತ್ರೆ ನುಂಗುತ್ತಿದ್ದಾರೆಯೇ, ಒತ್ತಡ ಇಳಿದಿದೆಯೇ ಎಂಬುದನ್ನು ಪ್ರತಿ ತಿಂಗಳು ನೋಡಬೇಕು. ಆಸ್ಪತ್ರೆಗೆ ಹೋದ ಅರ್ಧ ದಿನದ ಸಂಬಳ ಕಡಿತವಾಗುವುದಾದರೆ ಯಾರೂ ಹೋಗುವುದಿಲ್ಲ, ಅದನ್ನು ಮೊದಲೇ ತೀರ್ಮಾನಿಸಿ. ಕ್ಯಾಂಟೀನಿನಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನು ಮೇಜಿನಿಂದ ತೆಗೆದು, ಸಾರು ಸಾಂಬಾರಿಗೆ ಹಾಕುವ ಉಪ್ಪನ್ನು ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ನಿಲ್ಲಲಿ.

ಓವರ್‌ಟೈಮ್ ಕೂಡ ಹೃದಯದ ವಿಷಯವೇ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರು ಹೃದ್ರೋಗದಿಂದ ಸಾಯುವ ಸಂಭವ, 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ. 17ರಷ್ಟು ಹೆಚ್ಚು ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜಿಸಿವೆ.

ಮರುಪ್ರಶ್ನೆ: ಧನ್ಯವಾದಗಳು ಡಾಕ್ಟರೇ. ಬಿಪಿ ಇದೆಯೆಂದು ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಹೆದರಿ, ಹೋದ ವರ್ಷ ಹಲವರು ಶಿಬಿರಕ್ಕೆ ಬರಲೇ ಇಲ್ಲ. ಏನು ಮಾಡಲಿ?

ಉತ್ತರ: ಆ ಹೆದರಿಕೆ ಸಹಜವಾದದ್ದು, ಬುದ್ಧಿವಾದದಿಂದ ಅದು ಹೋಗುವುದಿಲ್ಲ. ವೈಯಕ್ತಿಕ ವರದಿಗಳು ವೈದ್ಯರು ಮತ್ತು ನರ್ಸ್ ಬಳಿ ಮಾತ್ರ ಇರುತ್ತವೆ, ಆಡಳಿತಕ್ಕೆ ಒಟ್ಟು ಸಂಖ್ಯೆಯಷ್ಟೇ ಹೋಗುತ್ತದೆ, ಫಲಿತಾಂಶದ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಸಹಿಯೊಂದಿಗೆ ಕನ್ನಡದಲ್ಲಿ ಬರೆಸಿ ಸೂಚನಾ ಫಲಕಕ್ಕೆ ಹಾಕಿಸಿ. ನೀವೂ ಆ ಕಡತವನ್ನು ತೆರೆಯಬೇಡಿ. ತಪಾಸಣೆಯನ್ನು ಸೂಪರ್‌ವೈಸರ್ ಎದುರು ಮಾಡದೆ ಬಾಗಿಲು ಹಾಕಿದ ಕೋಣೆಯಲ್ಲಿ ಮಾಡಿಸಿ.