ಮುಂಗಾಲಿನ ಮೂಳೆ ಕೂಡದ ನಾಯಿಗೆ ನ್ಯಾನೊ ಕಸಿ

ಪ್ರಶ್ನೆ:
ನಮ್ಮ ಪೊಮೆರೇನಿಯನ್ ನಾಯಿ ಸೋಫಾದಿಂದ ಹಾರಿ ಮುಂಗಾಲು ಮುರಿದುಕೊಂಡು, ಪ್ಲೇಟು ಹಾಕಿಸಿ ನಾಲ್ಕು ತಿಂಗಳಾದರೂ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಕಪ್ಪು ಸಂದು ಹಾಗೆಯೇ ಕಾಣುತ್ತಿದೆ. ಅಲ್ಲಿಗೆ ನ್ಯಾನೊ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜವನ್ನು ಹೋಲುವ ಅತಿ ಸೂಕ್ಷ್ಮ ಕಣಗಳು) ತುಂಬಿಸಿದರೆ ಗುಣವಾದೀತೇ?

ಉತ್ತರ 1:
ಪುಟ್ಟ ತಳಿಗಳಲ್ಲಿ ಮಣಿಕಟ್ಟಿನ ಸಮೀಪ ರಕ್ತಸಂಚಾರ ಕಡಿಮೆಯಿರುವುದರಿಂದ ಹೀಗಾಗುವುದು ಅಪರೂಪವಲ್ಲ. ಸಹಜ ಮೂಳೆಯ ಖನಿಜ ಹರಳುಗಳೂ ನ್ಯಾನೊ ಗಾತ್ರದವೇ ಆಗಿರುವುದರಿಂದ, ಅದೇ ಗಾತ್ರದ ಕಣಗಳ ವಿಶಾಲ ಮೇಲ್ಮೈಗೆ ಪ್ರೋಟೀನುಗಳೂ ಮೂಳೆ ಕಟ್ಟುವ ಕೋಶಗಳೂ ಚೆನ್ನಾಗಿ ಅಂಟಿಕೊಳ್ಳುತ್ತವೆ. ಆದರೆ ಅದು ಬಳ್ಳಿಗೆ ಹಾಕಿದ ಚಪ್ಪರವಿದ್ದಂತೆ. ಕಾಲಿನ ಭಾರವನ್ನು ಹೊರಬೇಕಾದುದು ಪ್ಲೇಟೇ. ತಿರುಪುಗಳು ಸಡಿಲವಾಗಿವೆಯೇ ಎಂದು ದಯವಿಟ್ಟು ಮೊದಲು ನೋಡಿಸಿ.

ಉತ್ತರ 2:
ನಾಯಿಯ ಭುಜದ ಬಳಿಯ ಮೂಳೆಯಿಂದ ತೆಗೆದ ಸ್ಪಂಜಿನಂಥ ಭಾಗದಲ್ಲಿ ಜೀವಕೋಶಗಳಿರುವುದರಿಂದ ನಾನು ಅದನ್ನೇ ಮೊದಲು ಆರಿಸುತ್ತೇನೆ. ಅದು ಸಾಲದಿದ್ದರೆ ನ್ಯಾನೊ ಕಣಗಳನ್ನು ಬೆರೆಸಬಹುದು. ಸೋಂಕಿದ್ದರೆ ಮೊದಲು ಅದು ವಾಸಿಯಾಗಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ತಿರುಪುಗಳ ವಿಷಯವನ್ನು ನಾಳೆಯೇ ವೈದ್ಯರಲ್ಲಿ ವಿಚಾರಿಸುತ್ತೇನೆ.