ಮೆಮೊರಿ ತುಂಬಿದಾಗಲೂ ಇಬಿಪಿಎಫ್ ಓಡಿಸಿದವರು ಇದ್ದೀರಾ?

ಉದ್ಯಮಬಾಗ್ ಹುಡುಗ: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ 2 ಜಿಬಿ ರ‍್ಯಾಮಿನ ಲಿನಕ್ಸ್ ಬಾಕ್ಸ್ ಇದೆ, ಕರ್ನಲ್ (ಲಿನಕ್ಸಿನ ತಿರುಳು) 5.4. ಮೆಮೊರಿ ತುಂಬಿದಾಗ ಓಓಎಂ ಕಿಲ್ಲರ್ (ಜಾಗ ಬಿಡಿಸಲು ಪ್ರೋಗ್ರಾಂ ಕೊಲ್ಲುವ ಕರ್ನಲ್ ಭಾಗ) ನಮ್ಮ ಕುಲುಮೆಯ ಶಾಖ ಬರೆದಿಡುವ ಪ್ರೋಗ್ರಾಮನ್ನೇ ಕೊಲ್ಲುತ್ತದೆ. ಮೆಮೊರಿ ತಿನ್ನುವವರು ಯಾರು ಅಂತ ಇಬಿಪಿಎಫ್‌ನಿಂದ (ಕರ್ನಲ್ ಒಳಗೆ ನಮ್ಮ ಚಿಕ್ಕ ಪ್ರೋಗ್ರಾಂ ಓಡಿಸುವ ಸೌಲಭ್ಯ) ಹಿಡಿಯಬೇಕು. ಆ ಇಬಿಪಿಎಫೇ ಬಾಕ್ಸನ್ನು ಕೆಡವಿದರೆ? ಅನುಭವ ಇದ್ದವರು ಹೇಳ್ರಿ.

ಘಟಪ್ರಭಾ ದಂಡೆ: ನಾನು ಮೊದಲು ಕರ್ನಲ್ ಮಾಡ್ಯೂಲ್ (ನೇರವಾಗಿ ಕರ್ನಲ್‌ಗೆ ಸೇರುವ ಕೋಡ್) ಬರೆದವನು. ಸ್ಪಿನ್‌ಲಾಕ್ (ಹಿಡಿದಾಗ ನಿದ್ದೆ ಮಾಡಬಾರದ ಬೀಗ) ಹಿಡಿದುಕೊಂಡೇ ಜಿಎಫ್‌ಪಿ_ಕರ್ನಲ್ ಅಂತ, ಅಂದ್ರೆ ಸಿಗದಿದ್ದರೆ ನಿದ್ದೆ ಮಾಡಿ ಕಾಯುವ ರೀತಿಯಲ್ಲಿ, ಮೆಮೊರಿ ಕೇಳಿದ್ದೆ. ಮನೆಯ ಮೇಜಿನ ಮೇಲೆ ಎರಡು ವಾರ ಚೆನ್ನಾಗಿ ಓಡಿತು, ಯಾಕಂದ್ರೆ ಅಲ್ಲಿ ರ‍್ಯಾಮ್ ಖಾಲಿ ಇತ್ತು, ಕಾಯುವ ಪ್ರಸಂಗವೇ ಬರಲಿಲ್ಲ. ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ನುರಿಸುವ ಹಂಗಾಮಿನಲ್ಲಿ, ಮೆಮೊರಿ ಸಿಗದೆ ಅದು ನಿದ್ದೆಗೆ ಹೋಯಿತು. ಪರದೆ ತುಂಬ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’, ಯಂತ್ರ ಗಪ್ಪಾಗಿ ನಿಂತಿತು. ಬಾಗಲಕೋಟೆಯಿಂದ ಮೂರು ಸಲ ಬಸ್ಸು, ಒಮ್ಮೆ ರಾತ್ರಿ ಬಾಡಿಗೆ ಕಾರಿಗೆ 2,400 ರೂಪಾಯಿ, ಎಲ್ಲ ನನ್ನ ಕೈಯಿಂದ. ಇಬಿಪಿಎಫ್ ವೆರಿಫೈಯರ್ (ಓಡಿಸುವ ಮೊದಲು ಕೋಡನ್ನು ತಪಾಸಣೆ ಮಾಡುವ ಭಾಗ) ಆ ಸಾಲನ್ನು ಒಳಗೇ ಬಿಡುತ್ತಿರಲಿಲ್ಲ. ಸ್ಟ್ಯಾಕ್ 512 ಬೈಟ್, ಕೊನೆಯಿಲ್ಲದ ಲೂಪ್ ಇಲ್ಲ, ನಲ್ (ಖಾಲಿ) ಇದೆಯೋ ನೋಡದೆ ಪಾಯಿಂಟರ್ (ಮೆಮೊರಿ ವಿಳಾಸ) ಮುಟ್ಟಿದರೆ ಲೋಡೇ ಆಗಲ್ಲ. ಕಣ್ಣು ಮುಚ್ಚಿ ಹಾಕಿ.

ಗುಮ್ಮಟದ ನೆರಳು: ಕಣ್ಣು ಮುಚ್ಚಿ ಅನ್ನಬೇಡಿ ಸರ, ಸಿಟ್ಟು ಬರುತ್ತದೆ. ಎಷ್ಟು ದೊಡ್ಡ ಮ್ಯಾಪ್ (ಇಬಿಪಿಎಫ್ ಡೇಟಾ ಇಡುವ ಕೋಷ್ಟಕ) ಹಿಡಿದಿದ್ದೀರಿ ಅಂತ ವೆರಿಫೈಯರ್ ಕೇಳಲ್ಲ. ನಾನು ಪರ್-ಸಿಪಿಯು ಹ್ಯಾಶ್ ಮ್ಯಾಪಿಗೆ 1 ಲಕ್ಷ ಎಂಟ್ರಿ ಬರೆದೆ, ಒಂದೊಂದಕ್ಕೆ 512 ಬೈಟ್. ಅದು ಪೂರ್ತಿ ಜಾಗವನ್ನು ಮೊದಲೇ ಹಿಡಿಯುತ್ತದೆ, ಅದೂ ಪ್ರತಿ ಕೋರಿಗೆ ಬೇರೆ ಬೇರೆ. ನಾಲ್ಕು ಕೋರಿಗೆ 20 ಕೋಟಿ 48 ಲಕ್ಷ ಬೈಟ್! ಟಾಪ್‌ನಲ್ಲಿ (ಮೆಮೊರಿ ಬಳಕೆ ತೋರಿಸುವ ಆಜ್ಞೆ) ಮಾತ್ರ ನನ್ನ ಪ್ರೋಗ್ರಾಂ 9 ಎಂಬಿ. ಉಳಿದದ್ದು ಕರ್ನಲ್ ಲೆಕ್ಕಕ್ಕೆ ಹೋಗಿತ್ತು. ಓಓಎಂ ಕಿಲ್ಲರ್ ಪಾಪದ ಡೇಟಾಬೇಸನ್ನು ಹೊಡೆಯಿತು, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಆರು ತಾಸಿನ ದಾಖಲೆ ಹೋಯಿತು. ಪ್ರೋಗ್ರಾಂ ನಿಲ್ಲಿಸಿದರೂ ಜಾಗ ವಾಪಸ್ ಬರಲಿಲ್ಲ, /ಸಿಸ್/ಎಫ್‌ಎಸ್/ಬಿಪಿಎಫ್ ಒಳಗೆ ನಾನೇ ಪಿನ್ ಮಾಡಿದ್ದೆ (ಪ್ರೋಗ್ರಾಂ ಹೋದರೂ ಉಳಿಯುವಂತೆ ಕಟ್ಟಿಟ್ಟಿದ್ದೆ). ಬಿಪಿಎಫ್‌ಟೂಲ್‌ನಲ್ಲಿ (ಮ್ಯಾಪ್ ಮಾಹಿತಿ ತೋರಿಸುವ ಆಜ್ಞೆ) ಮೆಮ್‌ಲಾಕ್, ಅಂದ್ರೆ ಮ್ಯಾಪ್ ಹಿಡಿದ ಮೆಮೊರಿ, ಅದರ ಮುಂದಿನ ಅಂಕಿ ನೋಡಿ ಕೈ ತಣ್ಣಗಾಯಿತು.

ಘಟಪ್ರಭಾ ದಂಡೆ: ಅದಕ್ಕೇ ನೋ_ಪ್ರಿಅಲಾಕ್ (ಜಾಗ ಮೊದಲೇ ಹಿಡಿಯದ ಆಯ್ಕೆ) ಇದೆ ಅಲ್ವಾ? ಓದದೆ ಬರೆದು ತಪ್ಪನ್ನು ಇಬಿಪಿಎಫ್ ಮೇಲೆ ಹಾಕಬೇಡಿ.

ಗುಮ್ಮಟದ ನೆರಳು: ಅದನ್ನೂ ಮಾಡಿದೆ. ಮೆಮೊರಿ ಇಕ್ಕಟ್ಟಾದ ಹೊತ್ತಿಗೇ ಎಂಟ್ರಿಗೆ ಜಾಗ ಸಿಗದೆ ಅಪ್‌ಡೇಟ್ ಇನೋಮೆಮ್ (ಮೆಮೊರಿ ಇಲ್ಲ ಎಂಬ ದೋಷ) ಕೊಟ್ಟಿತು. ಯಾವ ಗಳಿಗೆ ನೋಡಬೇಕಿತ್ತೋ ಅದೇ ಗಳಿಗೆಯ ಸಾಲು ಇಲ್ಲ. ನೀವು ಇದನ್ನು ಓಡಿಸಿ ನೋಡಿದ್ದೀರಾ, ಸುಮ್ನೆ ಓದಿದ್ದೀರಾ? ಈಗ 2,048 ಎಂಟ್ರಿಯ ಎಲ್‌ಆರ್‌ಯು ಮ್ಯಾಪ್ ಇಟ್ಟಿದ್ದೇನೆ. ಹಳೆಯದನ್ನು ತಾನೇ ತೆಗೆಯುತ್ತದೆ, ಹೊಸ ಜಾಗ ಕೇಳಲ್ಲ.

ಟಿಳಕವಾಡಿ ಅಕ್ಕ: ಕರ್ನಲ್ ಒಳಗೆ ಹೋಗೋದೇ ಯಾಕೆ? ಕರ್ನಲ್ 4.20ರಿಂದ ಪಿಎಸ್‌ಐ (ಮೆಮೊರಿ ಮುಂತಾದವುಗಳ ಇಕ್ಕಟ್ಟು ಅಳೆಯುವ ಸೌಲಭ್ಯ) ಇದೆ. /ಪ್ರೊಕ್/ಪ್ರೆಶರ್/ಮೆಮೊರಿ ಓದಿ, ಫುಲ್ ಸಾಲಿನ ಎವಿಜಿ10 (10 ಸೆಕೆಂಡಿನ ಸರಾಸರಿ) ಅಂಕಿ 5 ದಾಟಿದರೆ ಬೇಡದ ಪ್ರೋಗ್ರಾಂ ನಿಲ್ಲಿಸುತ್ತೇನೆ. ಬೇಕಾದದ್ದಕ್ಕೆ ಓಓಎಂ ಕಿಲ್ಲರ್ ಮುಟ್ಟದಂತೆ ಓಓಎಂ_ಸ್ಕೋರ್_ಅಡ್ಜ್ ಮೈನಸ್ 1000. ನಲವತ್ತು ಸಾಲಿನ ಸ್ಕ್ರಿಪ್ಟ್, ಜೊತೆಗೆ ಸ್ವಲ್ಪ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಹೆಚ್ಚುವರಿ ಜಾಗ), ಎರಡು ವರ್ಷದಿಂದ ತಂಟೆಯಿಲ್ಲ.

ಘಟಪ್ರಭಾ ದಂಡೆ: ಸ್ವಾಪ್? ನನ್ನ ಎರಡು ಎಸ್‌ಡಿ ಕಾರ್ಡ್ ಸ್ವಾಪಿನಿಂದಲೇ ಹಾಳಾದವು, 900 ರೂಪಾಯಿಗೆ ಒಂದು. ಹೊಸ ಹುಡುಗರಿಗೆ ಇದನ್ನು ಹೇಳಬೇಡಿ.

ಟಿಳಕವಾಡಿ ಅಕ್ಕ: ಕಾರ್ಡ್ ಅಂತ ಎಲ್ಲಿ ಬರೆದೆ ತಮ್ಮಾ? ನನ್ನದು ಝಡ್‌ರ‍್ಯಾಮ್. ಅದು ರ‍್ಯಾಮಿನೊಳಗೇ ಸಂಕುಚಿಸಿ ಇಡುವ ಸ್ವಾಪ್. ಮೊದಲು ಕೇಳು.

ಉದ್ಯಮಬಾಗ್ ಹುಡುಗ: ನನ್ನದು 5.4 ಅಂದಿದ್ದೆ...

ಗುಮ್ಮಟದ ನೆರಳು: ಕರ್ನಲ್ 5.11ರಿಂದ ಮ್ಯಾಪಿನ ಜಾಗ ಸಿಗ್ರೂಪ್ (ಮಿತಿ ಹಾಕಬಹುದಾದ ಪ್ರೋಗ್ರಾಂ ಗುಂಪು) ಲೆಕ್ಕಕ್ಕೆ ಬೀಳುತ್ತದೆ. ನಿಮ್ಮದರಲ್ಲಿ ಮೆಮ್‌ಲಾಕ್ ಮಿತಿಯೇ ಬೇಲಿ. ಎಲ್ಲರೂ ಅದನ್ನು ಅನ್‌ಲಿಮಿಟೆಡ್ ಮಾಡುತ್ತಾರೆ, ನಾನೂ ಮಾಡಿದ್ದೆ. 8 ಎಂಬಿ ಇಡಿ. ದೊಡ್ಡ ಮ್ಯಾಪ್ ಬರೆದರೆ ಲೋಡ್ ಮಾಡುವಾಗಲೇ ಬೇಡ ಅನ್ನುತ್ತದೆ.